ಡ್ರೈವರ್ ಭಾವನ ಊದುಗೊಳವೆ

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ. ಬದುಕಿರುವವನಾದರೆ ಇವತ್ತಲ್ಲ ನಾಳೆ ತಲೆ ಬೋಳಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ನಾಲ್ಕು ಜನರೆದುರು ಪೆದ್ದು ಮಾತೊಂದನ್ನು ಆಡಿ ಸಿಕ್ಕಿಬೀಳುತ್ತಾನೆ. ಹೊಟ್ಟೆಕಿಚ್ಚು ಪಡುವವನಿಗೂ ಅಷ್ಟರಮಟ್ಟಿಗೆ ಸಮಾಧಾನ. ಸತ್ತವನು ಹಾಗಲ್ಲ, ದಿನ ಕಳೆದಷ್ಟೂ ಒಳ್ಳೆಯವನಾಗುತ್ತಾ ಹೋಗುತ್ತಾನೆ. ನನ್ನ ಎರಡನೇ ಭಾವ ಈ ಕಷ್ಟದ ಕೆಲಸವನ್ನು ವರ್ಷಗಟ್ಟಲೆ, ಒಂದು ದಿನವೂ ರಜೆ ಹಾಕದೆ ಮಾಡಿದವರು.

ಎರಡನೇ ಭಾವ ಎಂದರೆ ಎರಡನೇ ಅಕ್ಕನ ಗಂಡ ಅಂದುಕೊಳ್ಳಬೇಡಿ. ನನಗಿರುವುದು ಒಬ್ಬಳೇ ಅಕ್ಕ. ಅವಳ ಮೊದಲ ಗಂಡ ಬಸ್ ಡ್ರೈವರ್. ಎತ್ತರದ ಆಳು, ನಗುಮುಖ. ಒಂದು ಜ್ವರ ಬಂತು, ವಾರ ತುಂಬುವುದರೊಳಗೆ ಹೋಗಿಬಿಟ್ಟರು. ಆಮೇಲೆ ಅಕ್ಕ ಕೆಲವು ವರ್ಷ ಒಬ್ಬಳೇ ಇದ್ದಳು. ಅದೇ ಹೊತ್ತಿಗೆ ನನ್ನ ಗಂಡ ಎನಿಸಿಕೊಂಡವನು ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದು ಗೊತ್ತಾಗಿ, ನಾನು ಹೊಲಿಗೆ ಮಷಿನ್ ಒಂದನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದು ಸೇರಿದೆ. ಅಂಗಡಿಗಳಿಗೆ ಅಂಗಿ ಕಾಲರ್ ಹೊಲಿದುಕೊಡುವುದು ನನ್ನ ಕಸುಬು. ನಾನು ಬಂದ ಮಾರನೆಯ ವರ್ಷ ಅಕ್ಕ ಮತ್ತೆ ಮದುವೆಯಾದಳು. ಈ ಸಲ ಬಂದವರು ಹಾರ್ಮೋನಿಯಂ ರಿಪೇರಿ ಮಾಡುವವರು. ಬೀದಿಯವರೆಲ್ಲ ಅವರನ್ನು ಪೆಟ್ಟಿಗೆಯಣ್ಣ ಎನ್ನುತ್ತಿದ್ದರು. ನಾನು ಭಾವ ಎನ್ನುತ್ತಿದ್ದೆ. ಹೋದವರನ್ನು ಡ್ರೈವರ್ ಭಾವ ಎನ್ನುವುದು ರೂಢಿಯಾಯಿತು.

ಭಾವ ಕುಳ್ಳಗೆ, ತೆಳ್ಳಗೆ, ಕಿವಿ ಸ್ವಲ್ಪ ದೊಡ್ಡದು. ಆ ಕಿವಿಯೇ ಅವರಿಗೆ ಅನ್ನ ಹಾಕುತ್ತಿತ್ತು. ಪೆಟ್ಟಿಗೆಯ ಯಾವ ಸ್ವರ ಎಲ್ಲಿ ಜಾರಿದೆ ಎಂದು ಬಾಗಿಲಾಚೆಯಿಂದಲೇ ಹೇಳುತ್ತಿದ್ದರು. ಕೆಲಸ ಅಚ್ಚುಕಟ್ಟು, ಮಾತು ಕಡಿಮೆ, ಮನಸ್ಸು ಮಾತ್ರ ಹುಳಿ ಮಜ್ಜಿಗೆ. ಗಿರಾಕಿಯೊಬ್ಬ ಬಂದು, ಮೇಲಿನ ಬೀದಿಯ ರಿಪೇರಿಯವನೂ ಪರವಾಗಿಲ್ಲ ಅಂದರೆ ಸಾಕು, ಆ ಗಿರಾಕಿಯ ಪೆಟ್ಟಿಗೆ ಇನ್ನೂ ಒಂದು ವಾರ ಮೂಲೆಯಲ್ಲೇ ಕೂರುತ್ತಿತ್ತು. ಅಕ್ಕ ಹಾಲಿನವನ ಜೊತೆ ಎರಡು ಮಾತು ಹೆಚ್ಚು ಆಡಿದರೆ ಅವತ್ತಿನ ಹಾಲು ನೀರಾಗಿದೆ ಎಂದು ಭಾವನಿಗೆ ಅನಿಸುತ್ತಿತ್ತು. ಇಂಥವರ ಮನೆಯಲ್ಲಿ ಸತ್ತ ಸವತಿ ಇದ್ದಂತೆ ಸತ್ತ ಗಂಡನೊಬ್ಬ ಇದ್ದರೆ ಏನಾಗಬೇಕೋ ಅದೇ ಆಯಿತು.

ಡ್ರೈವರ್ ಭಾವನ ಫೋಟೋ ಮುಂದಿನ ಕೋಣೆಯ ಗೋಡೆಯ ಮೇಲಿತ್ತು. ಆಶ್ಚರ್ಯವೆಂದರೆ ಭಾವನಿಗೆ ಅದರ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ವಾರಕ್ಕೊಮ್ಮೆ ತಾವೇ ಧೂಳು ಒರೆಸುತ್ತಿದ್ದರು. ಸಿಟ್ಟೆಲ್ಲ ಇದ್ದದ್ದು ಊದುಗೊಳವೆಯ ಮೇಲೆ. ಫೋಟೋ ಗೋಡೆಯ ಮೇಲಿತ್ತು, ಕೊಳವೆ ಅಕ್ಕನ ಬಾಯಲ್ಲಿತ್ತು.

ನಮ್ಮದು ಚಳಿಯ ಊರು. ಸಾಲುಮನೆ, ಮುಂದಿನ ಕೋಣೆಯ ಗೋಡೆಯೊಳಗೆ ಒಂದು ಅಗ್ಗಿಷ್ಟಿಕೆ. ಮನೆ ಕಟ್ಟಿದ ಪುಣ್ಯಾತ್ಮ ಹೊಗೆಗೂಡನ್ನು ಗಾಳಿಗೆ ಎದುರಾಗಿ ಕಟ್ಟಿದ್ದ, ಹಾಗಾಗಿ ಅರ್ಧ ಹೊಗೆ ಮೇಲೆ, ಅರ್ಧ ನಮ್ಮ ಕಣ್ಣಿಗೆ. ಮರದ ಮಿಲ್ಲಿನಿಂದ ಬರುವ ಸೌದೆ ಯಾವಾಗಲೂ ಹಸಿ. ರಾತ್ರಿ ಮಲಗುವಾಗ ಕೆಂಡದ ಮೇಲೆ ಬೂದಿ ಮುಚ್ಚಿಡುವುದು, ಬೆಳಿಗ್ಗೆ ಬೂದಿ ಸರಿಸಿ ಊದಿ ಎಬ್ಬಿಸುವುದು. ಅದು ಅಕ್ಕನ ಕೆಲಸ. ಅದಕ್ಕೆ ಅವಳ ಹತ್ತಿರ ಇದ್ದದ್ದು ಡ್ರೈವರ್ ಭಾವ ಮಾಡಿಕೊಟ್ಟ ಕೊಳವೆ. ಬಸ್ಸಿನ ಸೀಟಿನ ಹಿಂದೆ ನಿಂತವರು ಹಿಡಿದುಕೊಳ್ಳುವ ಉಕ್ಕಿನ ಪೈಪಿರುತ್ತದಲ್ಲ, ಮುರಿದುಬಿದ್ದ ಅಂಥದೊಂದರ ತುಂಡು. ಒಂದು ತುದಿಯನ್ನು ಬಡಿದು ಕಿರಿದು ಮಾಡಿದ್ದರು, ಉಸಿರು ಚೂಪಾಗಿ ಹೋಗಲೆಂದು. ಇನ್ನೊಂದು ತುದಿಗೆ, ತುಟಿ ಸುಡದಿರಲೆಂದು, ರಬ್ಬರ್ ಪೈಪಿನ ಒಂದು ಬಳೆ ತೊಡಿಸಿದ್ದರು. ಅಷ್ಟೇ. ಆದರೆ ಅಕ್ಕ ಬಗ್ಗಿ ಕೆನ್ನೆ ಉಬ್ಬಿಸಿ ಮೂರು ಸಲ ಊದಿದರೆ ಹಸಿ ಸೌದೆಯೂ ಸೋಲೊಪ್ಪಿಕೊಳ್ಳುತ್ತಿತ್ತು.

ಮದುವೆಯಾಗಿ ಸ್ವಲ್ಪ ದಿನಕ್ಕೇ ಕೊಳವೆಯ ಕಥೆ ಭಾವನಿಗೆ ತಿಳಿಯಿತು. ಹೇಳಿದವಳು ಎದುರುಮನೆಯ ಬೇಕರಿಯವನ ಹೆಂಡತಿ. ಅವಳ ಬಾಯಿ ಬೇಕರಿಯ ಒಲೆಗಿಂತ ದೊಡ್ಡದು. ಅಂದಿನಿಂದ ಭಾವ ಬೆಳಿಗ್ಗೆ ಹಾಸಿಗೆಯಲ್ಲಿ ಉಳಿದದ್ದಿಲ್ಲ. ಅಕ್ಕ ಎದ್ದ ಹಿಂದೆಯೇ ಎದ್ದು, ಕಂಬಳಿ ಹೊದ್ದು, ಅಗ್ಗಿಷ್ಟಿಕೆಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೇಳಿದರೆ, ಕೈ ಕಾಯಿಸಿಕೊಳ್ಳುತ್ತಿದ್ದೇನೆ ಅನ್ನುವುದು. ಹೊತ್ತದ ಬೆಂಕಿಯ ಮುಂದೆ ಯಾರಾದರೂ ಕೈ ಕಾಯಿಸುತ್ತಾರೆಯೇ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರು ನೋಡುತ್ತಿದ್ದದ್ದು ಅಕ್ಕನ ತುಟಿಯನ್ನು, ಆ ರಬ್ಬರ್ ಬಳೆಯನ್ನು. ಮುಖ ಹರಳೆಣ್ಣೆ ಕುಡಿದವರ ಹಾಗೆ. ನಾನು ಮಷಿನ್ನಿನ ಹಿಂದೆ ಕೂತು ಕಾಲರಿಗೆ ಕಾಲರ್ ಜೋಡಿಸುತ್ತಾ ಇದನ್ನೆಲ್ಲ ಪುಕ್ಕಟೆ ನೋಡುತ್ತಿದ್ದೆ.

ಮೊದಲು ಅವರು ಉಪಾಯ ಹೂಡಿದ್ದು ಬೀಸಣಿಗೆಯಿಂದ. ಪ್ಲೈವುಡ್ ತುಂಡೊಂದನ್ನು ಕೊಯ್ದು ನುಣ್ಣಗೆ ಉಜ್ಜಿ ತಂದು, "ಇದರಲ್ಲಿ ಬೀಸು. ಊದಿ ಊದಿ ಎದೆ ನೋವು ಬರುತ್ತೆ," ಅಂದರು. ಅಕ್ಕ ಬೀಸಿದಳು. ಬೂದಿಯೆಲ್ಲ ಎದ್ದು ಬಂದು ನಾನು ಇಸ್ತ್ರಿ ಮಾಡಿಟ್ಟ ಬಿಳಿ ಕಾಲರುಗಳ ಮೇಲೆ ಕೂತಿತು.

"ಭಾವ, ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?" ಅಂದೆ.

"ಯಾರಿಗೆ ಹೊಟ್ಟೆಕಿಚ್ಚು?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

ಆಮೇಲೆ ಅಂಗಡಿಯಿಂದ ಹೊಸ ಕೊಳವೆ ಬಂತು. ಹಿತ್ತಾಳೆಯದು, ಮಿರಮಿರ ಮಿಂಚುತ್ತಿತ್ತು. ಅಕ್ಕ ಒಂದು ಬೆಳಿಗ್ಗೆ ಅದರಲ್ಲಿ ಊದಿದಳು. ಮಾರನೆಯ ದಿನ ನೋಡಿದರೆ ಮತ್ತೆ ಹಳೆಯದು. "ಅದು ಉಸಿರನ್ನ ತಾನೇ ಕುಡಿದುಬಿಡುತ್ತೆ. ಇದು ಸಲೀಸು," ಅಂದಳು. ಅವಳು ಅಂದದ್ದು ಕೊಳವೆಯ ಬಗ್ಗೆ ಮಾತ್ರ. ಭಾವ ಕೇಳಿಸಿಕೊಂಡದ್ದು ಗಂಡಂದಿರ ಬಗ್ಗೆ. ಅವತ್ತು ಅವರು ಊಟಕ್ಕೆ ಕೂತವರು ಅರ್ಧದಲ್ಲೇ ಎದ್ದರು.

ಆ ಮಧ್ಯಾಹ್ನವೇ ತಮ್ಮ ಕೆಲಸದ ಕೋಣೆ ಸೇರಿದರು. ಅದು ಮನೆಯ ಹಿಂದಿನ ತಗಡಿನ ಕೋಣೆ. ಗೋಡೆ ತುಂಬ ಬಿಚ್ಚಿದ ಪೆಟ್ಟಿಗೆಗಳು, ಮೇಜಿನ ಮೇಲೆ ಸ್ವರದ ಹಿತ್ತಾಳೆ ಪಟ್ಟಿಗಳು, ಅರ, ಚಿಕ್ಕ ಸುತ್ತಿಗೆ, ಇಟ್ಟು ಬಡಿಯಲು ಕಬ್ಬಿಣದ ಅಡಿಗಲ್ಲು. ಭಾವ ತಿದಿಯೊಂದನ್ನು ಮಾಡಲು ನಿಂತಿದ್ದರು. ಕೈಯಲ್ಲಿ ಒತ್ತಿದರೆ ಗಾಳಿ ಉಗುಳುವ ತಿದಿ. ಗಾಳಿ ಅವರ ವಿದ್ಯೆ. ಹಾರ್ಮೋನಿಯಂ ಎಂದರೆ ಸ್ವರ ಬಲ್ಲ ತಿದಿಯೇ ತಾನೆ. ಯಾವನೋ ಡ್ರೈವರ್ ಬಡಿದು ಕೊಟ್ಟ ಪೈಪಿಗೆ ಸೋಲುವ ಮಾತೇ ಇರಲಿಲ್ಲ.

ಹಳೆಯ ಪೆಟ್ಟಿಗೆಯೊಂದರ ತೇಗದ ಮುಚ್ಚಳದಿಂದ ಎರಡು ಹಲಗೆ ಕೊಯ್ದರು, ಹಿಂದೆ ಅಗಲ, ಮುಂದೆ ಚೂಪು. ಕೆಳಗಿನ ಹಲಗೆಗೆ ತೂತು ಕೊರೆದು, ಒಳಗಡೆಯಿಂದ ಚರ್ಮದ ನಾಲಗೆ ಕೂರಿಸಿದರು. ಹಲಗೆ ಎತ್ತಿದಾಗ ನಾಲಗೆ ತೆರೆದು ಗಾಳಿ ಒಳಗೆ ಬರಬೇಕು, ಒತ್ತಿದಾಗ ಮುಚ್ಚಿಕೊಂಡು ಮೂತಿಯಿಂದ ಮಾತ್ರ ಹೋಗಬೇಕು. ಮೂತಿಗೆ ಹಿತ್ತಾಳೆಯ ಹಳೆ ನಲ್ಲಿಯ ತುದಿ. ಸುತ್ತಲೂ ಮೆತ್ತನೆಯ ಕುರಿಚರ್ಮ, ಮಡಿಕೆ ಮಡಿಕೆಯಾಗಿ. ಚರ್ಮ ಅಂಟಿಸಲು ಮರವಜ್ರದ ಅಂಟನ್ನು ಬಿಸಿನೀರಿನ ಡಬ್ಬದಲ್ಲಿಟ್ಟು ಕರಗಿಸಿದರು. ಮನೆಯೆಲ್ಲ ಅದರ ನಾತ.

"ನಾಲ್ಕು ಮೊಳೆ ಹೊಡೆದುಬಿಡಿ ಭಾವ, ಗಟ್ಟಿಯಾಗಿರುತ್ತೆ," ಅಂದೆ.

ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಮೊಳೆ ಹೊಡೆಯೋದು ಬಡಗಿ ಕೆಲಸ. ನಮ್ಮವರು ತಿದಿಗೆ ಮೊಳೆ ಹೊಡೆಯಲ್ಲ. ನಾಳೆ ಇನ್ನೊಬ್ಬ ಬಿಚ್ಚಿ ರಿಪೇರಿ ಮಾಡೋದು ಬೇಡವಾ? ಬಿಸಿ ಬಟ್ಟೆ ಇಟ್ಟರೆ ಬಿಟ್ಟುಕೊಳ್ಳೋ ಅಂಟೇ ಅಂಟು," ಅಂದರು.

ಆ ಮಾತಿನಲ್ಲಿದ್ದ ಎಡವಟ್ಟು ಹೇಳಿದವರಿಗೂ ಹೊಳೆಯಲಿಲ್ಲ, ಕೇಳಿದ ನನಗೂ ಹೊಳೆಯಲಿಲ್ಲ.

ತಿದಿ ಬಂದ ಬೆಳಿಗ್ಗೆ ನೋಡಬೇಕಿತ್ತು. ಅಕ್ಕ ಬೂದಿ ಸರಿಸಿ ಮೂತಿ ಹಿಡಿದು ಎರಡು ಸಲ ಒತ್ತಿದಳು, ಕೆಂಡ ಕಣ್ಣು ಬಿಟ್ಟಿತು. ಇನ್ನೆರಡು ಸಲಕ್ಕೆ ಸೌದೆ ಹೊತ್ತಿಕೊಂಡಿತು. ಕೆನ್ನೆ ಉಬ್ಬಿಸಬೇಕಿಲ್ಲ, ಕೆಮ್ಮಬೇಕಿಲ್ಲ. ಅಕ್ಕ ಬಾಯ್ತುಂಬ ನಕ್ಕಳು. ಉಕ್ಕಿನ ಕೊಳವೆ ಅಗ್ಗಿಷ್ಟಿಕೆಯ ಮೇಲಿನ ಕಟ್ಟೆ ಸೇರಿತು.

"ಹೇಗಿದೆ?" ಅಂದರು ಭಾವ.

"ಚೆನ್ನಾಗಿದೆ."

"ಅದಕ್ಕಿಂತ?"

"ಯಾವುದಕ್ಕಿಂತ?"

"ಅದೇ. ಅದಕ್ಕಿಂತ."

"ಇದರಲ್ಲಿ ಸುಲಭ," ಅಂದಳು ಅಕ್ಕ. ಭಾವನ ಕಾಲು ಅವತ್ತು ನೆಲದ ಮೇಲೆ ನಿಲ್ಲಲಿಲ್ಲ. ಗಿರಾಕಿಗಳಿಗೆಲ್ಲ ತಾವೇ ಕರೆದು ಟೀ ಕುಡಿಸಿದರು. ಮೂಲೆಗೆ ಬಿದ್ದಿದ್ದ ಪೆಟ್ಟಿಗೆಗಳೆಲ್ಲ ರಿಪೇರಿಯಾಗಿ ಮನೆ ಸೇರಿದವು. ಆದರೂ ಮಾರನೆಯ ಬೆಳಿಗ್ಗೆ ಸ್ಟೂಲಿನ ಮೇಲೆ ಹಾಜರ್. ಈಗ ನೋಡುತ್ತಿದ್ದದ್ದು ಅಕ್ಕನ ಕಣ್ಣನ್ನು, ಅದು ಮೇಲಿನ ಕಟ್ಟೆಯ ಕಡೆ ಹೋಗುತ್ತದೋ ಎಂದು. ಗೆದ್ದ ಮೇಲೂ ಕಾವಲು ಬಿಡದ ಸಿಪಾಯಿಯನ್ನು ನಾನು ನೋಡಿದ್ದು ಅಲ್ಲೇ.

ತಿದಿಯ ಸುದ್ದಿ ಬೀದಿಗೆ ಹಬ್ಬಿ, ಬೇಕರಿಯವನ ಹೆಂಡತಿ ಒಂದು ಬೆಳಿಗ್ಗೆ ನೋಡಲು ಬಂದಳು. ಅಷ್ಟು ದಿನ ತಿದಿ ರಾತ್ರಿಯೆಲ್ಲ ಅಗ್ಗಿಷ್ಟಿಕೆಯ ಬಿಸಿಕಲ್ಲಿನ ಮೇಲೇ ಮಲಗಿತ್ತು. ಭಾವ ಅಕ್ಕನ ಕೈಯಿಂದ ತಿದಿಯನ್ನು ತಾವೇ ತೆಗೆದುಕೊಂಡು, "ನೋಡಿ, ಮೂರೇ ಸಲ," ಎಂದು ಹಿಡಿಕೆ ಎತ್ತಿ ಒತ್ತಿದರು. ಚರ್ಮ ಒಂದು ಕಡೆಯಿಂದ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಬಂತು. ಕೆಳಗಿನ ಹಲಗೆ ಕಳಚಿ ನೇರ ಕೆಂಡದ ಮೇಲೆ ಬಿತ್ತು. ಬೂದಿ ಬುಸ್ಸೆಂದು ಎದ್ದು ನಾವು ನಾಲ್ವರೂ ಬೆಳ್ಳಗಾದೆವು.

ಮರವಜ್ರ ಬಿಸಿಗೆ ಬಿಟ್ಟುಕೊಂಡಿತ್ತು. ಬೇರೆ ಯಾವ ಕಸುಬಿನವನು ಮಾಡಿದ್ದರೂ ಎರಡು ಮೊಳೆಯಾದರೂ ಹೊಡೆದಿರುತ್ತಿದ್ದ. ಬೆಂಕಿಯ ಪಕ್ಕ ಇಡುವ ವಸ್ತುವನ್ನು ಬಿಸಿಗೆ ಬಿಡುವ ಅಂಟಿನಿಂದ ಮಾಡಲು ಪೆಟ್ಟಿಗೆಯವನೇ ಆಗಬೇಕು.

ಬೇಕರಿಯವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಹೋಗಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತು, "ಏನೇ ಹೇಳಿ, ಡ್ರೈವರ್ ಮಾಡಿದ್ದು ಇನ್ನೂ ಕಲ್ಲುಗುಂಡಿನ ಹಾಗಿದೆ ನೋಡಿ," ಅಂದಳು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ. ಅಷ್ಟರಲ್ಲಿ ಅಕ್ಕ, ಪಾಪ, ಕೆಂಡ ಆರಿಹೋಗುತ್ತದೆಂದು, ಹಿಂದುಮುಂದು ಯೋಚಿಸದೆ ಕಟ್ಟೆಯ ಮೇಲಿಂದ ಉಕ್ಕಿನ ಕೊಳವೆ ತೆಗೆದು ಬಾಯಿಗಿಟ್ಟು ಊದಿದಳು. ಬೆಂಕಿ ಕೂಡಲೇ ಎದ್ದಿತು. ಬೇಕರಿಯವಳು ತಲೆಯಾಡಿಸಿ ಹೋದಳು.

ಭಾವ ಅಕ್ಕನ ಬಾಯಿಂದಲೇ ಕೊಳವೆಯನ್ನು ಕಿತ್ತುಕೊಂಡರು. ನೇರ ಹಿಂದಿನ ಕೋಣೆಗೆ ಹೋದರು. ನಾವಿಬ್ಬರೂ ಹಿಂದೆಯೇ ಓಡಿದೆವು. ಕೊಳವೆ ಅಡಿಗಲ್ಲಿನ ಮೇಲಿತ್ತು, ಸುತ್ತಿಗೆ ಭಾವನ ಎತ್ತಿದ ಕೈಯಲ್ಲಿತ್ತು. ಅಕ್ಕ ಓಡಿಬಂದು ಹಿಡಿದಿದ್ದರೆ ಅವರು ಖಂಡಿತ ಕೊಳವೆಗೆ ಹೊಡೆಯುತ್ತಿದ್ದರು. ಆ ಕೊಳವೆಯ ಜೊತೆಗೆ ಇನ್ನೂ ಏನೇನೋ ಒಡೆಯುತ್ತಿತ್ತು. ಅಕ್ಕ ಬಾಗಿಲಲ್ಲೇ ನಿಂತಳು.

"ದಿನಾ ಎದ್ದ ತಕ್ಷಣ ನಿನ್ನ ಬಾಯಿ ಹೋಗೋದು ಇದರ ಹತ್ತಿರ," ಅಂದರು ಭಾವ. "ಅವರು ಬಾಯಿಟ್ಟ ಜಾಗದಲ್ಲೇ ನೀನೂ ಬಾಯಿಡ್ತೀಯ. ನಾನು ಪಕ್ಕದಲ್ಲಿ ಕೂತು ನೋಡ್ಬೇಕು. ಇನ್ನೂ ಎಷ್ಟು ವರ್ಷ ನೋಡಲಿ?"

"ಅವರು ಇದಕ್ಕೆ ಬಾಯಿಟ್ಟಿದ್ದನ್ನ ನೀವು ಕಂಡಿದ್ದೀರಾ?" ಅಂದಳು ಅಕ್ಕ.

ಭಾವ ಆ ರಬ್ಬರ್ ಬಳೆಯತ್ತ ನೋಡಿದರು.

"ಇದನ್ನ ಯಾಕೆ ಮಾಡಿದ್ರು ಅಂತ ಹೇಳ್ತೀನಿ, ಕೇಳಿ. ಆಮೇಲೆ ಒಡೀಬೇಕಾದ್ರೆ ಒಡೀರಿ. ಮದುವೆಯಾದ ಹೊಸದರಲ್ಲಿ ನನಗೆ ಈ ಹಸಿ ಸೌದೆ ಹತ್ತಿಸೋಕೆ ಬರ್ತಿರಲಿಲ್ಲ. ರೀ, ಸ್ವಲ್ಪ ಎದ್ದು ಬನ್ನಿ ಅಂತ ದಿನಾ ಕರೀತಿದ್ದೆ. ಅವರದ್ದು ಕೊನೇ ಬಸ್ಸು, ಮಲಗೋದೇ ತಡ, ನಿದ್ದೆ ಬೇಕಿತ್ತು. ತಪ್ಪು ಅನ್ನಲ್ಲ. ಒಂದು ಮಧ್ಯಾಹ್ನ ಕೂತು ಇದನ್ನ ಬಡಿದು ಕೈಗೆ ಕೊಟ್ಟು, ಇನ್ನು ಮೇಲೆ ನನ್ನ ಎಬ್ಬಿಸಬೇಡ ಅಂದ್ರು. ಅಷ್ಟೇ ಇದರ ಕಥೆ."

ಇದು ನನಗೂ ಹೊಸ ಸುದ್ದಿ. ಡ್ರೈವರ್ ಭಾವ ಪ್ರೀತಿಯಿಂದ ಮಾಡಿಕೊಟ್ಟದ್ದೆಂದು ಬೀದಿಗೆ ಬೀದಿಯೇ ನಂಬಿತ್ತು.

"ನೆನಪಾಗಲ್ವಾ ಅಂದ್ರೆ ಆಗ್ತಾರೆ. ಸುಳ್ಳು ಯಾಕೆ ಹೇಳಲಿ?" ಅಕ್ಕನ ದನಿ ಸಣ್ಣಗಾಯಿತು. "ಒಳ್ಳೆಯವರೇ. ಆದ್ರೆ ಇದನ್ನ ಕೊಟ್ಟ ಮೇಲೆ ಒಂದು ದಿನ ಎದ್ದು ಬಂದವರಲ್ಲ. ಆ ಚಳಿಯಲ್ಲಿ, ಆ ಹೊಗೆಯಲ್ಲಿ ನಾನೊಬ್ಬಳೇ ಕೂತು ಊದ್ತಿದ್ದೆ. ನೀವು ಬಂದ ಮೇಲೆ ಒಬ್ಬಳೇ ಕೂತಿಲ್ಲ."

"ನಾನು ಕೂತಿದ್ದು ಹೊಟ್ಟೆ ಉರಿಯಿಂದ," ಅಂದರು ಭಾವ. ಅದನ್ನು ಅವರು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು.

"ಗೊತ್ತು. ನನಗೇನು ಕಣ್ಣಿಲ್ವಾ? ಯಾತಕ್ಕಾದ್ರೂ ಆಗಲಿ, ಕೂತಿದ್ರಲ್ಲ."

ಸುತ್ತಿಗೆ ಕೆಳಗಿಳಿಯಿತು. ಭಾವ ಕೊಳವೆಯನ್ನು ಎತ್ತಿ, ಅಂಗಿಯ ತುದಿಯಿಂದ ಬೂದಿ ಒರೆಸಿ, ಅಕ್ಕನ ಕೈಗೆ ಕೊಟ್ಟರು. ನಾನು ಕಾಲರಿನ ನೆಪ ಹೇಳಿ ಅಲ್ಲಿಂದ ಕಾಲ್ತೆಗೆದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಮಾರನೆಯ ಬೆಳಿಗ್ಗೆ ಸ್ಟೂಲು ಖಾಲಿ.

ಭಾವ ಮಲಗಿದ್ದರು. ಗೊರಕೆ ಮುಂದಿನ ಕೋಣೆಗೆ ಕೇಳುತ್ತಿತ್ತು. ವರ್ಷಗಳ ಉರಿ ಒಂದೇ ದಿನ ಆರಿ, ಮನುಷ್ಯನಿಗೆ ಹೊಟ್ಟೆ ತಣ್ಣಗಾಗಿ ನಿದ್ದೆ ಬಂದಿತ್ತು. "ಮಲಗಲಿ ಬಿಡು, ಪಾಪ," ಅಂದಳು ಅಕ್ಕ, ಒಬ್ಬಳೇ ಕೂತು ಊದಿದಳು. ಮಾರನೆಯ ದಿನವೂ ಗೊರಕೆ. ಅವತ್ತು ಅಕ್ಕ ಇಕ್ಕಳವನ್ನು ಎರಡು ಸಲ ನೆಲಕ್ಕೆ ಬೀಳಿಸಿದಳು. ಗೊರಕೆ ನಿಲ್ಲಲಿಲ್ಲ. ಹೀಗೇ ಒಂದು ವಾರ ಕಳೆಯಿತು. ಹಗಲೆಲ್ಲ ಭಾವ ಎಷ್ಟು ಸಮಾಧಾನದಿಂದ ಇದ್ದರೆಂದರೆ, ಬೇಕರಿಯವಳು ಬಂದು ಡ್ರೈವರನ್ನು ಹೊಗಳಿದರೂ ಹೂಂಗುಟ್ಟಿ ಸುಮ್ಮನಾಗುತ್ತಿದ್ದರು. ಹಾಲಿನವನ ಹಾಲು ಕೂಡ ಗಟ್ಟಿಯಾಗಿತ್ತು. ಬೀದಿಯವರು, ಪೆಟ್ಟಿಗೆಯಣ್ಣ ಬದಲಾದ ಅಂದರು. ಅಕ್ಕ ಮಾತ್ರ ದಿನದಿಂದ ದಿನಕ್ಕೆ ಸೊರಗಿದಳು. ಬೆಳಿಗ್ಗೆ ಊದುವಾಗ ನಡುವೆ ನಿಲ್ಲಿಸಿ ಖಾಲಿ ಸ್ಟೂಲನ್ನು ನೋಡುವಳು. ಹೊಗೆ ಅಂತ ಕಣ್ಣೊರೆಸಿಕೊಳ್ಳುವಳು. ಇದ್ದಕ್ಕಿದ್ದಂತೆ ಅವಳು ಮತ್ತೆ ಆ ಹಳೆಯ ಬೆಳಗುಗಳಿಗೆ ಹೋಗಿ ಬಿದ್ದಿದ್ದಳು. ಗಂಡ ಒಳಗೆ ಮಲಗಿದ್ದಾನೆ, ಇವಳು ಹೊರಗೆ ಊದುತ್ತಿದ್ದಾಳೆ.

ಕೊನೆಗೆ ಒಂದು ಬೆಳಿಗ್ಗೆ ಅಕ್ಕ ಕೊಳವೆಯನ್ನು ಬಾಯಿಗಿಡದೆ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದಳು. ಮಲಗುವ ಕೋಣೆಯ ಬಾಗಿಲ ಕಡೆ ಮುಖ ತಿರುಗಿಸಿದಳು. ನನ್ನನ್ನು ಉದ್ದೇಶಿಸಿ, ಆದರೆ ಎದುರುಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ಏನೇ ಹೇಳು, ಅವರ ಕೈಗುಣವೇ ಕೈಗುಣ. ಎಂಥಾ ಕೊಳವೆ ಮಾಡಿದ್ದಾರೆ ನೋಡು. ಇಂಥಾದ್ದು ಇನ್ನು ಯಾರ ಕೈಲೂ ಆಗಲ್ಲ."

ಗೊರಕೆ ನಿಂತಿತು. ಮಂಚ ಕಿರುಗುಟ್ಟಿತು. ಕಂಬಳಿ ಎಳೆದುಕೊಂಡು ಬರುವ ಸದ್ದು. ಭಾವ ಕೆದರಿದ ತಲೆಯಲ್ಲಿ ಬಂದು, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, ಸ್ಟೂಲಿನ ಮೇಲೆ ದೊಪ್ಪನೆ ಕೂತರು. "ಏನದು, ಬೆಳಿಗ್ಗೆ ಬೆಳಿಗ್ಗೆ ಅಷ್ಟೊಂದು ಹೊಗಳಿಕೆ?" ಅಂದರು.

"ಏನಿಲ್ಲ," ಅಂದಳು ಅಕ್ಕ. ಕೊಳವೆ ಬಾಯಿಗಿಟ್ಟು ಊದಿದಳು. ಕೊಳವೆಯ ಹಿಂದೆ ಅವಳ ತುಟಿ ನಗುತ್ತಿತ್ತು.

ನಾನು ಮಷಿನ್ ತುಳಿಯುವುದನ್ನು ನಿಲ್ಲಿಸಿದೆ. ನಾನು ಯಾರ ಜೊತೆ ನಕ್ಕು ಮಾತಾಡಿದರೂ, ಯಾರನ್ನು ಎಷ್ಟು ಹೊಗಳಿದರೂ, ನನ್ನ ಗಂಡ ಓದುತ್ತಿದ್ದ ಪೇಪರಿನಿಂದ ತಲೆ ಎತ್ತಿದವನಲ್ಲ. ಅವನಿಗೆ ಹೊಟ್ಟೆಕಿಚ್ಚಿಲ್ಲ, ದೊಡ್ಡ ಮನಸ್ಸು ಎಂದು ನಾನು ಎಷ್ಟೋ ಕಾಲ ಹೆಮ್ಮೆಪಟ್ಟಿದ್ದೆ. ಅವತ್ತು ಆ ಇಬ್ಬರನ್ನು ನೋಡುತ್ತಾ ನನ್ನ ಹೊಟ್ಟೆ ಉರಿದ ಹಾಗೆ ಭಾವನ ಹೊಟ್ಟೆಯೂ ಯಾವತ್ತೂ ಉರಿದಿರಲಾರದು. ಅಕ್ಕನಿಗೆ ಸಿಕ್ಕ ಇಬ್ಬರು ಗಂಡಂದಿರಿಗಾಗಿ ಅಲ್ಲ. ಬಾಗಿಲ ಕಡೆ ತಿರುಗಿ ಒಂದು ಮಾತು ಆಡಿದರೆ, ಬೆಚ್ಚನೆಯ ಹಾಸಿಗೆ ಬಿಟ್ಟು ಎದ್ದು ಬರುವವನೊಬ್ಬ ಇದ್ದಾನಲ್ಲ, ಅದಕ್ಕಾಗಿ.